ಹಳೇ ಕೇಸು, ಹಳೇ ತಪ್ಪು: ಪೊಲೀಸ್ ವೆರಿಫಿಕೇಶನ್ ಫಾರ್ಮ್‌ನಲ್ಲಿ ಏನು ಬರೆಯಬೇಕು?

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ವಕೀಲ. ಇಲ್ಲಿನ ಹೈಕೋರ್ಟ್ ಪೀಠದಲ್ಲೂ ಆಡಳಿತ ನ್ಯಾಯಮಂಡಳಿಯಲ್ಲೂ ಹೆಚ್ಚಾಗಿ ನೌಕರಿ ಕೇಸುಗಳನ್ನೇ ನಡೆಸುತ್ತೇನೆ. ನೌಕರಿಗೆ ಆಯ್ಕೆಯಾದ ಮೇಲೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದ ಹುಡುಗರು ವರ್ಷಕ್ಕೆ ಹತ್ತಾರು ಜನ ಬರುತ್ತಾರೆ. ಅವರಲ್ಲಿ ಜಾಸ್ತಿ ಮಂದಿ ಬರುವುದು ಎಲ್ಲಾ ಮುಗಿದ ಮೇಲೆ. ಅದಕ್ಕೇ ಈ ಗುಂಪಿನಲ್ಲಿ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಿ ಅಂತ ಅಡ್ಮಿನ್ ಅವರು ಕೇಳಿದ ತಕ್ಷಣ ಒಪ್ಪಿಕೊಂಡೆ. ಕೇಳಿ. ಹೆಸರು ಹಾಕಬೇಡಿ, ಊರಿನ ಕಡೆ ಹೇಳಿದರೆ ಸಾಕು.

ಚಿತ್ತಾಪುರ ಕಡೆಯ ಹುಡುಗ, 23 ವರ್ಷ: ಸರ್, ನಮಸ್ಕಾರ್ರೀ. ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆ ಆಗಿದ್ದೇನೆ. 2021ರಲ್ಲಿ ಹೊಲದ ಬದುವಿನ ಸಲುವಾಗಿ ನಮ್ಮ ಅಪ್ಪನಿಗೂ ಕಾಕಾನಿಗೂ ಜಗಳ ಆಯಿತು. ನಾನು ಅಲ್ಲಿ ಇರಲೂ ಇಲ್ಲ. ಆದರೂ ಐದನೇ ಆರೋಪಿ ಅಂತ ನನ್ನ ಹೆಸರು ಸೇರಿಸಿದರು. ಐಪಿಸಿ 323, 504, 506, ಅಂದರೆ ಹೊಡೆದದ್ದು, ಬೈದದ್ದು, ಬೆದರಿಸಿದ್ದು. ಆಮೇಲೆ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಈಗ ಪೊಲೀಸ್ ವೆರಿಫಿಕೇಶನ್‌ಗೆ ತುಂಬಬೇಕಾದ ಅಟೆಸ್ಟೇಶನ್ ಫಾರ್ಮ್ ಬಂದಿದೆ. ಕೋಚಿಂಗ್ ಸರ್ 'ರಾಜಿ ಆದ ಮೇಲೆ ಕೇಸೇ ಇಲ್ಲ, ಎಲ್ಲಾ ಕಡೆ ನೋ ಅಂತ ಬರಿ' ಅಂದರು. ಬರೆಯಲಾ?

ಉತ್ತರ: ತಮ್ಮಾ, 'ನೋ' ಅಂತ ಬರೆಯಬೇಡ. ಆ ಒಂದು ಅಕ್ಷರಕ್ಕೆ ನೌಕರಿ ಹೋಗುತ್ತದೆ.

ನಿಮ್ಮ ಕೋಚಿಂಗ್ ಸರ್ ಹೇಳಿದ್ದರಲ್ಲಿ ಅರ್ಧ ನಿಜ. ಕೋರ್ಟಿನ ಒಪ್ಪಿಗೆಯಿಂದ ರಾಜಿಯಾದರೆ ಅದು ಖುಲಾಸೆಗೆ ಸಮ. ಕಾನೂನು ಹಾಗೇ ಹೇಳುತ್ತದೆ. ಆದರೆ ಫಾರ್ಮ್ ಕೇಳುತ್ತಿರುವುದು 'ಈಗ ಕೇಸು ಇದೆಯಾ' ಅಂತ ಮಾತ್ರ ಅಲ್ಲ. 'ಎಂದಾದರೂ ನಿಮ್ಮನ್ನು ಬಂಧಿಸಿದ್ದರಾ, ಎಂದಾದರೂ ನಿಮ್ಮ ಮೇಲೆ ಕ್ರಿಮಿನಲ್ ಕೇಸು ನಡೆದಿತ್ತಾ' ಅಂತಲೂ ಕೇಳುತ್ತದೆ. ನಡೆದಿತ್ತು ಅಲ್ವಾ? ಹಾಗಾದರೆ 'ಹೌದು'. ಕೇಸಿನ ನಂಬರ್, ಠಾಣೆ, ಕಲಂ, ಕೋರ್ಟ್, ರಾಜಿಯಾದ ತಾರೀಖು, ಎಲ್ಲಾ ಬರೆ. ಕೋರ್ಟಿನಿಂದ ಆದೇಶದ ದೃಢೀಕೃತ ನಕಲು ತೆಗೆಸಿ ಜೊತೆಗೆ ಲಗತ್ತಿಸು. ಬದುವಿನ ಜಗಳ, ಮನೆಯವರೆಲ್ಲರ ಹೆಸರು ಸೇರಿಸಿದ್ದರು, ನಾನು ಸ್ಥಳದಲ್ಲಿ ಇರಲಿಲ್ಲ ಅಂತ ಎರಡು ಸಾಲು ಬರೆದರೆ ಸಾಕು. ಕಾಕಾನನ್ನು ಬೈಯುವುದು ಬೇಡ.

ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ತೀರ್ಪು ಒಂದಿದೆ. 2016ರ ಜುಲೈ 21ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ಅವತಾರ್ ಸಿಂಗ್ ತೀರ್ಪು. ಅದರ ತಿರುಳು ಇಷ್ಟು. ಮಾಹಿತಿ ನಿಜ ಇರಬೇಕು, ಮುಚ್ಚಿಡಬಾರದು. ಎಳೇ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಯಾರಾದರೂ ಬರೆಯದೇ ಬಿಟ್ಟಿದ್ದರೆ, ನೌಕರಿ ಕೊಡುವವರು ಅದನ್ನು ಮನ್ನಿಸಬಹುದು. ಗಂಭೀರ ಕೇಸು ಮುಚ್ಚಿಟ್ಟರೆ ಆಯ್ಕೆ ರದ್ದು ಮಾಡಬಹುದು, ಕೆಲಸದಿಂದಲೂ ತೆಗೆಯಬಹುದು. ಒಂದಕ್ಕಿಂತ ಹೆಚ್ಚು ಕೇಸು ನಡೆಯುತ್ತಿದ್ದು ಬೇಕೆಂದೇ ಮುಚ್ಚಿಟ್ಟಿದ್ದರೆ, ಅದೇ ಒಂದು ದೊಡ್ಡ ಕಾರಣ ಆಗುತ್ತದೆ. ಇನ್ನೊಂದು ಮಾತು ಹುಡುಗರಿಗೆ ಗೊತ್ತಿರುವುದಿಲ್ಲ. ಎಲ್ಲಾ ನಿಜ ಬರೆದರೂ ನೌಕರಿ ಕೊಡಲೇಬೇಕು ಅಂತಿಲ್ಲ. ಹಿನ್ನೆಲೆ ನೋಡಿ ತೀರ್ಮಾನಿಸುವ ಹಕ್ಕು ಅವರಿಗೆ ಇದ್ದೇ ಇದೆ.

ಆದರೆ ನಿಮ್ಮಂಥ ಬದು ಜಗಳದ ಕೇಸನ್ನು ನೇರವಾಗಿ ಬರೆದರೆ ನಿಮ್ಮ ಪರವಾಗಿ ವಾದಿಸಲು ನನ್ನ ಕೈಯಲ್ಲಿ ಬಲ ಇರುತ್ತದೆ. 'ಇವನು ಏನೂ ಮುಚ್ಚಿಟ್ಟಿಲ್ಲ ಸ್ವಾಮಿ' ಅಂತ ಹೇಳಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಬದುವಿನ ಮಾತು ಹಿಂದೆ ಬೀಳುತ್ತದೆ, ಸುಳ್ಳಿನ ಮಾತೇ ಮುಂದೆ ಬರುತ್ತದೆ.

ಆಳಂದ ಕಡೆಯ ಅಭ್ಯರ್ಥಿ: ಸರ್, ನಾವೆಲ್ಲ ಕನ್ನಡ ಮಾಧ್ಯಮದಲ್ಲಿ ಓದಿದವರು. ಆ ಫಾರ್ಮ್ ಪೂರಾ ಇಂಗ್ಲಿಷ್, ಇಲ್ಲ ಹಿಂದಿ. ಅರ್ಥ ಆಗದೆ 'ನೋ' ಅಂತ ಬರೆದರೆ ಕೋರ್ಟು ಒಪ್ಪುತ್ತದಾ?

ಉತ್ತರ: ಒಪ್ಪುತ್ತದೆ ಅಂತ ನಂಬಬೇಡಿ. 2003ರಲ್ಲಿ ಇದೇ ಮಾತು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೇಂದ್ರೀಯ ವಿದ್ಯಾಲಯದ ಒಬ್ಬ ದೈಹಿಕ ಶಿಕ್ಷಕರು ಕೇಸು ಇದ್ದರೂ 'ಇಲ್ಲ' ಅಂತ ಬರೆದಿದ್ದರು. 'ನಾನು ಹಿಂದಿ ಮಾಧ್ಯಮದವನು, ಪ್ರಾಸಿಕ್ಯೂಷನ್, ಕನ್ವಿಕ್ಷನ್ ಅನ್ನುವ ಪದ ಗೊತ್ತಾಗಲಿಲ್ಲ' ಅಂದರು. ಇಷ್ಟು ಓದಿ ಶಿಕ್ಷಕ ಆದವರಿಗೆ ಗೊತ್ತಾಗಲಿಲ್ಲ ಅಂದರೆ ನಂಬಲು ಆಗದು ಅಂತ ಕೋರ್ಟು ಹೇಳಿತು. ಆಮೇಲೆ ಸರ್ಕಾರ ಆ ಕೇಸನ್ನೇ ವಾಪಸ್ ಪಡೆದಿತ್ತು. ಅದೂ ಅವರನ್ನು ಕಾಪಾಡಲಿಲ್ಲ. ನೌಕರಿ ಹೋಯಿತು.

ಈ ತೀರ್ಪು ಓದಿದಾಗಲೆಲ್ಲ ನನಗೆ ನಮ್ಮ ಕಡೆಯ ಮಕ್ಕಳೇ ಕಣ್ಣ ಮುಂದೆ ಬರುತ್ತಾರೆ. ಅದಕ್ಕೇ ಕೇಂದ್ರದ ಅಟೆಸ್ಟೇಶನ್ ಫಾರ್ಮ್‌ನ ಪದಗಳನ್ನು ಇಲ್ಲೇ ಕನ್ನಡದಲ್ಲಿ ಹೇಳಿಬಿಡುತ್ತೇನೆ. ಅರೆಸ್ಟೆಡ್ ಅಂದರೆ ಬಂಧನ. ಠಾಣೆಯಲ್ಲೇ ಜಾಮೀನು ಕೊಟ್ಟು ಬಿಟ್ಟಿದ್ದರೂ ಬಂಧನವೇ. ಪ್ರಾಸಿಕ್ಯೂಟೆಡ್ ಅಂದರೆ ನಿಮ್ಮ ಮೇಲೆ ಕೋರ್ಟಿನಲ್ಲಿ ಕೇಸು ನಡೆದದ್ದು. ಗೆದ್ದಿದ್ದರೂ ಉತ್ತರ 'ಹೌದು'. ಬೌಂಡ್ ಡೌನ್ ಅಂದರೆ ಮುಚ್ಚಳಿಕೆ ಬರೆಸಿಕೊಂಡದ್ದು. ಫೈನ್ಡ್ ಅಂದರೆ ಕೋರ್ಟು ದಂಡ ಹಾಕಿದ್ದು. ಕನ್ವಿಕ್ಟೆಡ್ ಅಂದರೆ ಅಪರಾಧಿ ಅಂತ ತೀರ್ಪಾದದ್ದು. ಡಿಬಾರ್ಡ್ ಅಂದರೆ ಪರೀಕ್ಷೆಗೆ ಕೂರದಂತೆ ಮಾಡಿದ್ದು. ವಿಶ್ವವಿದ್ಯಾಲಯ ಮಾಡಿದ್ದನ್ನೂ ಕೇಳುತ್ತಾರೆ, ಲೋಕಸೇವಾ ಆಯೋಗ ಮಾಡಿದ್ದನ್ನೂ ಕೇಳುತ್ತಾರೆ. ಈ ಸಾಲುಗಳನ್ನು ಒಂದೊಂದಾಗಿ ಓದಿ. ಗೆಳೆಯನ ಫಾರ್ಮ್ ನೋಡಿ ನಕಲು ಮಾಡಬೇಡಿ. ಸೈಬರ್ ಕೆಫೆಯವರ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗಬೇಡಿ. ಸಹಿ ನಿಮ್ಮದು.

ಅಫಜಲಪುರ ಕಡೆಯಿಂದ: ಮುಚ್ಚಳಿಕೆ ಅಂದಿರಲ್ಲ ಸರ್. ಊರಲ್ಲಿ ಗಣಪತಿ ಮೆರವಣಿಗೆ ಮುಂದೆ ಪೊಲೀಸರು ಹತ್ತು ಹನ್ನೆರಡು ಹುಡುಗರ ಹೆಸರು ಬರೆದುಕೊಂಡು ತಹಸೀಲ್ದಾರ್ ಆಫೀಸಿಗೆ ಕರೆದರು. ಸಹಿ ಮಾಡಿ ಬಂದೆವು. ಅದು ಕೇಸೇ ಅಲ್ಲ ಅಂತ ಅಂದುಕೊಂಡಿದ್ದೇವೆ.

ಉತ್ತರ: ಅದು ಅಪರಾಧದ ಕೇಸು ಅಲ್ಲ, ನಿಜ. ಶಾಂತಿ ಕೆಡದಿರಲಿ ಅಂತ ಮುಂಜಾಗ್ರತೆಗೆ ಮಾಡುವ ಕ್ರಮ. ಅಪರಾಧ ಪ್ರಕ್ರಿಯೆಯ ಹಳೇ ಕಾನೂನು ಸಿಆರ್‌ಪಿಸಿಯಲ್ಲಿ ಕಲಂ 107, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಕಲಂ 126. ತಹಸೀಲ್ದಾರರು ತಾಲ್ಲೂಕು ದಂಡಾಧಿಕಾರಿಯಾಗಿ ನಡೆಸುತ್ತಾರೆ. ಆದರೆ 'ಬೌಂಡ್ ಡೌನ್' ಅನ್ನುವ ಪ್ರಶ್ನೆ ಇರುವುದೇ ಇಂಥದ್ದಕ್ಕೆ.

ನಿಮ್ಮ ತಾಲ್ಲೂಕಿನ ಕಡೆಯವನೇ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಅವನ ಮೇಲೆ ಬೇರೆ ಏನೂ ಇರಲಿಲ್ಲ, ಇದೊಂದೇ ಮುಚ್ಚಳಿಕೆ. ಫಾರ್ಮ್‌ನಲ್ಲಿ ಬರೆದಿರಲಿಲ್ಲ. ಠಾಣೆಯ ವರದಿಯಲ್ಲಿ ಒಂದು ಸಾಲು ಬಂತು. ತರಬೇತಿಯ ನಡುವೆ ನೋಟಿಸ್ ಕೊಟ್ಟು ಮನೆಗೆ ಕಳಿಸಿದರು. ಅವನ ಅವ್ವ ನನ್ನ ಆಫೀಸಿನ ಬೆಂಚಿನ ಮೇಲೆ ಕೂತು ಒಂದೇ ಮಾತು ಕೇಳಿದರು: 'ಸಹಿ ಮಾಡಿದ್ದನ್ನು ಬರೆದಿದ್ದರೆ ಇಷ್ಟಾಗುತ್ತಿತ್ತಾ ಸಾಹೇಬ್ರೆ?' ಬಹುಶಃ ಆಗುತ್ತಿರಲಿಲ್ಲ ಅಂತ ಹೇಳುವಾಗ ನನ್ನ ಗಂಟಲು ಕಟ್ಟಿತು.

ಬರೆಯಿರಿ. ಆದೇಶದ ನಕಲನ್ನು ತಹಸೀಲ್ದಾರ್ ಕಚೇರಿಯಿಂದ ಪಡೆಯಿರಿ. ಅವಧಿ ಮುಗಿದಿದೆ, ಷರತ್ತು ಮುರಿದಿಲ್ಲ ಅನ್ನುವುದನ್ನೂ ಬರೆಯಿರಿ.

ಜೇವರ್ಗಿ ಕಡೆಯ ಅಣ್ಣ: ನಮ್ಮ ಹುಡುಗನದು ಇನ್ನೂ ಸಣ್ಣ ವಿಷಯ ಸರ್. ಹಬ್ಬದ ದಿನ ಗುಡಿಯ ಹಿಂದೆ ಅಂದರ್ ಬಾಹರ್ ಆಡುವಾಗ ಹಿಡಿದರು. ಕೋರ್ಟಿಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಮುನ್ನೂರು ರೂಪಾಯಿ ದಂಡ ಕಟ್ಟಿ ಬಂದ. ಅಲ್ಲಿಗೆ ಮುಗಿಯಿತಲ್ಲ?

ಉತ್ತರ: ಅಣ್ಣಾ, ಇಲ್ಲೇ ನಮ್ಮ ಮಂದಿ ಎಡವುವುದು. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 87ರಲ್ಲಿ ಬಯಲಲ್ಲಿ ಇಸ್ಪೀಟು ಆಡಿದವರ ಮೇಲೆ ಕೇಸು ಹಾಕುತ್ತಾರೆ. ಮಟ್ಕಾ ಆದರೆ ಕಲಂ 78. ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರೆ ಅದು ರಾಜಿಯೂ ಅಲ್ಲ, ಖುಲಾಸೆಯೂ ಅಲ್ಲ. ಅದು ಶಿಕ್ಷೆ. ಮುನ್ನೂರು ರೂಪಾಯಿ ಆದರೂ ಶಿಕ್ಷೆಯೇ. 'ಫೈನ್ಡ್' ಅನ್ನುವಲ್ಲೂ ಹೌದು, 'ಕನ್ವಿಕ್ಟೆಡ್' ಅನ್ನುವಲ್ಲೂ ಹೌದು.

ಅವತ್ತು ಕೋರ್ಟಿನ ಬಾಗಿಲಲ್ಲಿ ಯಾರೋ 'ಒಪ್ಪಿಕೋ, ತಾರೀಖಿಗೆ ಅಲೆಯುವುದು ತಪ್ಪುತ್ತದೆ' ಅಂದಿರುತ್ತಾರೆ. ನೌಕರಿಗೆ ಓದುತ್ತಿರುವ ಹುಡುಗನಾದರೆ ಒಪ್ಪಿಕೊಳ್ಳುವ ಮೊದಲು ವಕೀಲರನ್ನು ಒಂದು ಮಾತು ಕೇಳಲಿ. ಇಷ್ಟಕ್ಕೇ ನೌಕರಿ ಹೋಗಿಬಿಡುತ್ತದೆ ಅಂತ ಹೆದರಬೇಡಿ. ಸಣ್ಣ ದಂಡ, ಎಳೇ ವಯಸ್ಸು, ಮತ್ತೆ ಯಾವ ತಂಟೆಯೂ ಇಲ್ಲ ಅಂದರೆ ದಾರಿ ಇದೆ. ಮುಚ್ಚಿಡಬೇಡಿ, ಅಷ್ಟೇ.

ಸೇಡಂ ಕಡೆಯಿಂದ: ನಮ್ಮ ಹೆಸರಲ್ಲಿ ಕೇಸು ಇದೆಯೋ ಇಲ್ಲವೋ ಅಂತಲೇ ಗೊತ್ತಿಲ್ಲದಿದ್ದರೆ?

ಉತ್ತರ: ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಜಿಲ್ಲೆ, ಕೋರ್ಟ್ ಆರಿಸಿ ನಿಮ್ಮ ಹೆಸರು ಹಾಕಿ ಹುಡುಕಿ. ಅಪ್ಪನ ಹೆಸರು ಹಾಕಿಯೂ ನೋಡಿ. ಕೇಸು ಸಿಕ್ಕರೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಬರೆದಿಟ್ಟುಕೊಳ್ಳಿ. ಠಾಣೆಯಲ್ಲೂ ಕೇಳಿ. ತನಿಖೆ ಮುಗಿದು ಪೊಲೀಸರು ಬಿ ರಿಪೋರ್ಟ್ (ಕೇಸು ಮುಚ್ಚುವ ವರದಿ) ಹಾಕಿದ್ದರೆ ಅದರ ನಕಲು ಪಡೆಯಿರಿ. ಅದಕ್ಕಿಂತ ಒಳ್ಳೆಯ ಕಾಗದ ನಿಮಗೆ ಇನ್ನೊಂದಿಲ್ಲ.

ಯಾದಗಿರಿಯಿಂದ: 15 ವರ್ಷದವನಿದ್ದಾಗ ನನ್ನ ಮೇಲೆ ಬಾಲ ನ್ಯಾಯ ಮಂಡಳಿಯಲ್ಲಿ ಕೇಸು ಆಗಿತ್ತು ಸರ್.

ಉತ್ತರ: ಅದನ್ನು ಹೊತ್ತುಕೊಂಡು ತಿರುಗಬೇಡ ತಮ್ಮಾ. ಬಾಲ ನ್ಯಾಯ ಕಾಯ್ದೆ 2015ರ ಕಲಂ 24ರ ಪ್ರಕಾರ ಆ ವಯಸ್ಸಿನ ತಪ್ಪು ಮುಂದೆ ಯಾವ ಅನರ್ಹತೆಯನ್ನೂ ತರುವುದಿಲ್ಲ. 16 ದಾಟಿದವರ ತೀರಾ ಘೋರ ಕೇಸಿನ ಲೆಕ್ಕ ಬೇರೆ. ಫಾರ್ಮ್ ತುಂಬುವ ಮೊದಲು ಮಂಡಳಿಯ ಆದೇಶ ತೆಗೆದುಕೊಂಡು ಒಮ್ಮೆ ಭೇಟಿಯಾಗು.

ಹೆಸರು, ಊರು ಹೇಳದ ಸದಸ್ಯ: ನೇಮಕಾತಿ ಪರೀಕ್ಷೆಯಲ್ಲಿ ಬ್ಲೂಟೂತ್ ವಿಷಯಕ್ಕೆ ನನ್ನನ್ನು ಡಿಬಾರ್ ಮಾಡಿದ್ದಾರೆ. ಬೇರೆ ಇಲಾಖೆಗೆ ಅರ್ಜಿ ಹಾಕಿದರೆ ಗೊತ್ತಾಗುತ್ತದಾ?

ಉತ್ತರ: ಗೊತ್ತಾಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಫಾರ್ಮ್ ಕೇಳಿದರೆ ಬರೆಯಬೇಕು. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಮ್ಮ ಕಲಬುರಗಿಯಿಂದಲೇ ಹಗರಣವಾಗಿ ಬಯಲಿಗೆ ಬಂತು, ಪರೀಕ್ಷೆಯೇ ರದ್ದಾಯಿತು. ಪ್ರಾಮಾಣಿಕವಾಗಿ ಪಾಸಾದವರೂ ಮತ್ತೆ ಬರೆಯಬೇಕಾಯಿತು, ಅದೂ 2024ರ ಜನವರಿಯಲ್ಲಿ. ಆ ಮಕ್ಕಳಲ್ಲಿ ಕೆಲವರ ಕಣ್ಣೀರು ನಾನು ನೋಡಿದ್ದೇನೆ. ಪರೀಕ್ಷೆಯ ಮೋಸ ಬದು ಜಗಳದಂಥದ್ದಲ್ಲ. ಇದು ನೇರವಾಗಿ ನಂಬಿಕೆಯ ಪ್ರಶ್ನೆ. ನಿಮ್ಮ ಮೇಲಿನ ಆದೇಶ ತಪ್ಪು ಅನಿಸಿದರೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿ. ಅದಕ್ಕೆ ನಾನು ಬರುತ್ತೇನೆ.

ಬೀದರ್‌ನ ಅಕ್ಕ: ಸರ್, ನನ್ನ ತಮ್ಮನಿಗೆ ಏರ್‌ಫೋರ್ಸ್ ಸ್ಟೇಷನ್ ಒಳಗೆ ಗುತ್ತಿಗೆದಾರರ ಕಡೆಯಿಂದ ವೈರಿಂಗ್ ಕೆಲಸ ಸಿಗುವುದಿದೆ. ಪಾಸ್ ಕೊಡುವ ಮೊದಲು ಪೊಲೀಸ್ ವೆರಿಫಿಕೇಶನ್ ಅಂತೆ. ಅವನ ಮೇಲೆ ಒಂದು ಕೇಸೂ ಇಲ್ಲ. ಆದರೆ ಮೊಬೈಲ್ ಆಪ್‌ಗಳಲ್ಲಿ ಸಾಲ ಮಾಡಿದ್ದಾನೆ. ಫೇಸ್‌ಬುಕ್‌ನಲ್ಲಿ ಯಾವಳೋ ಹುಡುಗಿ ಅಂತೆ, ರಾತ್ರಿ ಎಲ್ಲಾ ಚಾಟಿಂಗ್. ಈಗ ಅವಳು ಫೋಟೋ ಇಟ್ಟುಕೊಂಡು ದುಡ್ಡು ಕೇಳುತ್ತಿದ್ದಾಳೆ. ಇದು ಕೆಲಸಕ್ಕೆ ಅಡ್ಡ ಬರುತ್ತದಾ?

ಉತ್ತರ: ಅಕ್ಕಾ, ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು. ಈ ಪ್ರಶ್ನೆಯನ್ನು ಎಲ್ಲರೂ ಎರಡು ಸಲ ಓದಲಿ.

ಠಾಣೆಯ ವೆರಿಫಿಕೇಶನ್‌ನಲ್ಲಿ ಮುಖ್ಯವಾಗಿ ನೋಡುವುದು ಕೇಸು, ವಿಳಾಸ, ನಡತೆ. ಅಲ್ಲಿ ಈ ಸಾಲ, ಚಾಟ್ ಬರದೇ ಹೋಗಬಹುದು. ಆದರೆ ಬೀದರ್ ಬರೀ ಒಂದು ಊರಲ್ಲ. ಯುದ್ಧವಿಮಾನದ ಪೈಲಟ್‌ಗಳು ತರಬೇತಿ ಪಡೆಯುವ ಜಾಗ, ಆಕಾಶದಲ್ಲಿ ವಿಮಾನಗಳ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡದ ನೆಲೆ. ಇಂಥ ಕಡೆ ಒಳಗೆ ಬಿಡುವಾಗ ಅವರ ಮನಸ್ಸಿನಲ್ಲಿ ಇರುವ ಪ್ರಶ್ನೆ ಒಂದೇ: ಈ ಮನುಷ್ಯನನ್ನು ಹೊರಗಿನವರು ಹೆದರಿಸಿ ಬಗ್ಗಿಸಬಹುದಾ? ಕೈತುಂಬ ಸಾಲ ಇರುವವನನ್ನು ದುಡ್ಡಿನಿಂದ ಬಗ್ಗಿಸಬಹುದು. ಫೋಟೋ ಕೊಟ್ಟು ಕೂತವನನ್ನು ಮರ್ಯಾದೆ ಕಳೆಯುತ್ತೇನೆ ಅಂತ ಬಗ್ಗಿಸಬಹುದು. ಇವತ್ತು 'ಐದು ಸಾವಿರ ಕಳಿಸು' ಅನ್ನುವವರು ನಾಳೆ 'ಒಳಗಿನ ಒಂದು ಫೋಟೋ ಕಳಿಸು' ಅಂದರೆ? ಆಗ ಅದು ಸಾಲದ ವಿಷಯ ಆಗಿ ಉಳಿಯುವುದಿಲ್ಲ. 1923ರ ಅಧಿಕೃತ ರಹಸ್ಯ ಕಾಯ್ದೆಯ ಕೆಳಗೆ ಬರುತ್ತದೆ. ಅಲ್ಲಿ ವರ್ಷಗಟ್ಟಲೆ ಜೈಲು ಇದೆ. ವೈರ್‌ಮನ್ ಆಗಲಿ, ಕಸ ಗುಡಿಸುವವರಾಗಲಿ, ಗುತ್ತಿಗೆಯವರು ಅಂತ ಯಾರಿಗೂ ವಿನಾಯಿತಿ ಇಲ್ಲ.

ಮೊದಲು ತಮ್ಮನನ್ನು ಬೈಯಬೇಡಿ. ನಾಚಿಕೆಯಿಂದ ಅವನು ಇನ್ನೂ ಮುಚ್ಚಿಡುತ್ತಾನೆ. ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಸೈಬರ್ ದೂರು ಕೊಡಿಸಿ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ದುಡ್ಡು ಕಳಿಸುವುದು ನಿಲ್ಲಿಸಲಿ. ಸಾಲವನ್ನು ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ದೂರು ಕೊಟ್ಟ ರಶೀದಿ ಕೈಯಲ್ಲಿದ್ದರೆ ಅವನು ಬ್ಲ್ಯಾಕ್‌ಮೇಲ್‌ಗೆ ತುತ್ತಾದವನು. ಮುಚ್ಚಿಟ್ಟು ಒಳಗೆ ಹೋದರೆ ಅವನೇ ಅಪಾಯದ ಮನುಷ್ಯ. ಇದು ಪೂರಾ ಮುಗಿಯುವ ತನಕ ಪಾಸ್‌ಗೆ ಅರ್ಜಿ ಹಾಕುವುದು ತಡವಾದರೂ ಪರವಾಗಿಲ್ಲ.

ಭಾಲ್ಕಿ ಕಡೆಯ ಸದಸ್ಯ: ಇದಕ್ಕೆ ಸೇರಿದ್ದೇ ಒಂದು ಪ್ರಶ್ನೆ. ನಮ್ಮ ಅಣ್ಣ ಅಮೆರಿಕದಲ್ಲಿದ್ದಾನೆ, ಅಲ್ಲಿನ ಪೌರತ್ವ ಬಂದಿದೆ. ರಕ್ಷಣಾ ಇಲಾಖೆಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್ (ಗುಟ್ಟಿನ ಕೆಲಸಕ್ಕೆ ಬೇಕಾದ ಸರ್ಕಾರದ ಒಪ್ಪಿಗೆ) ಕೇಳಿದ್ದಾರೆ. ನಾಲ್ಕು ವರ್ಷದ ಹಿಂದೆ ಒಂದು ಕಂಪನಿ ಅವನನ್ನು ತಪ್ಪು ಟೈಮ್‌ಶೀಟ್ ಕೊಟ್ಟ ಅಂತ ತೆಗೆದುಹಾಕಿತ್ತು. ಪೊಲೀಸ್ ಕೇಸಲ್ಲವಲ್ಲ, ಬಿಟ್ಟುಬಿಡಲಾ ಅಂತ ಕೇಳುತ್ತಾನೆ.

ಉತ್ತರ: ನಾನು ಅಲ್ಲಿನ ವಕೀಲನಲ್ಲ, ಅಲ್ಲಿನವರನ್ನೇ ಅವನು ಹಿಡಿಯಬೇಕು. ಆದರೆ ಅಲ್ಲಿನ ನಿಯಮ ಬಹಿರಂಗವಾಗಿದೆ, ಓದಿದ್ದೇನೆ. ತುಂಬಬೇಕಾದ ಫಾರ್ಮ್ ಎಸ್‌ಎಫ್-86. ಕೆಲಸದಿಂದ ತೆಗೆದಿದ್ದರಾ ಅಂತ ಅದು ನೇರವಾಗಿ ಕೇಳುತ್ತದೆ, ಕಳೆದ ಏಳು ವರ್ಷದ್ದು. ನಾಲ್ಕು ವರ್ಷ ಅಂದರೆ ಅದರೊಳಗೇ ಬಂತು. ಅರ್ಹತೆ ಅಳೆಯಲು 13 ಮಾನದಂಡಗಳಿವೆ. ಈಗಿನ ರೂಪದಲ್ಲಿ 2017ರ ಜೂನ್ 8ರಿಂದ ಜಾರಿಯಲ್ಲಿವೆ. ಸಾಲ, ಕುಡಿತ, ವಿದೇಶಿ ಸಂಬಂಧ ಒಂದೊಂದಕ್ಕೂ ಬೇರೆ ಬೇರೆ. ಅವುಗಳಲ್ಲಿ 'ಇ' ಅನ್ನುವ ಅಕ್ಷರದ್ದು ವೈಯಕ್ತಿಕ ನಡತೆಯದು. ಕ್ರಿಮಿನಲ್ ಕೇಸು ಇರಲೇಬೇಕಿಲ್ಲ. ಸುಳ್ಳು ಹೇಳುವುದು, ನಿಯಮ ಮುರಿಯುವುದು, ಮುಚ್ಚಿಟ್ಟ ವಿಷಯದಿಂದ ಬ್ಲ್ಯಾಕ್‌ಮೇಲ್‌ಗೆ ಸಿಗುವುದು, ಎಲ್ಲಾ ಅದರಲ್ಲೇ. ಫಾರ್ಮ್‌ನಲ್ಲಿ ಬೇಕೆಂದೇ ಮುಚ್ಚಿಟ್ಟದ್ದು ಅಲ್ಲಿ ಒಂದು ದೊಡ್ಡ ಕಪ್ಪು ಚುಕ್ಕೆ. ಫೆಡರಲ್ ಸರ್ಕಾರಕ್ಕೆ ಸುಳ್ಳು ಹೇಳಿದ್ದು ಅಪರಾಧವೂ ಹೌದು, ಐದು ವರ್ಷದ ತನಕ ಜೈಲು.

ಮನ್ನಿಸುವ ದಾರಿಯನ್ನೂ ಅದೇ ಮಾನದಂಡ ಹೇಳುತ್ತದೆ. ತಪ್ಪು ಸಣ್ಣದು, ಕಾಲ ಕಳೆದಿದೆ, ಮತ್ತೆ ಹಾಗೆ ಆಗಿಲ್ಲ ಅಂದರೆ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಬಿಟ್ಟುಹೋದದ್ದನ್ನು ಅವರು ಎದುರಿಗೆ ಇಟ್ಟು ಕೇಳುವ ಮೊದಲೇ ತಾನಾಗಿ ತಿದ್ದಿದರೂ ಅದಕ್ಕೆ ಬೆಲೆ ಇದೆ. ಅಣ್ಣನಿಗೆ ಬರೆಯಲು ಹೇಳಿ. ಬೀದರ್ ಜಿಲ್ಲೆಯಲ್ಲಿ ಇರುವ ನಿಮ್ಮೆಲ್ಲರ ಹೆಸರನ್ನೂ ಬರೆಯಬೇಕಾಗುತ್ತದೆ, ವಿದೇಶಿ ಸಂಬಂಧಿಕರ ಪಟ್ಟಿಯಲ್ಲಿ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಶಹಾಪುರ ಕಡೆಯ ತಂದೆ: ವಕೀಲ್ರೇ, ನಾನು ರೈತ. ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ಮಗ ಬಿಎಸ್‌ಎಫ್ ತರಬೇತಿಯಲ್ಲಿದ್ದಾನೆ. ಹೋಗುವ ಮೊದಲು ಊರ ಜಗಳದ ಕೇಸು ಒಂದಿತ್ತು, ಆಮೇಲೆ ಖುಲಾಸೆ ಆಯಿತು. ಫಾರ್ಮ್‌ನಲ್ಲಿ 'ಇಲ್ಲ' ಅಂತ ಬರೆದಿದ್ದಾನಂತೆ. ಇಲ್ಲಿ ಬರೆದದ್ದೆಲ್ಲ ಓದಿ ನಿದ್ದೆ ಬಂದಿಲ್ಲ. ಈಗ ಏನು ಮಾಡಬೇಕು?

ಉತ್ತರ: ಹಿರಿಯರೇ, ಇನ್ನೂ ಅವರು ಕೇಳಿಲ್ಲ ಅಲ್ವಾ? ಹಾಗಾದರೆ ಹೊತ್ತು ಮೀರಿಲ್ಲ. ಮಗ ತಾನಾಗಿಯೇ ಕಮಾಂಡೆಂಟ್ ಅವರಿಗೆ ಪತ್ರ ಕೊಡಲಿ. 'ಖುಲಾಸೆ ಆದ ಕೇಸನ್ನು ಬರೆಯಬೇಕಿಲ್ಲ ಅಂತ ತಿಳಿದು ತಪ್ಪಾಗಿ ಬರೆದೆ' ಅನ್ನುವುದು ನಿಜವಾದರೆ ಅದನ್ನೇ ಬರೆಯಲಿ. ನಿಜ ಅಲ್ಲದಿದ್ದರೆ ಹೆದರಿ ಬರೆಯಲಿಲ್ಲ ಅಂತಲೇ ಬರೆಯಲಿ. ಒಂದು ಸುಳ್ಳು ಮುಚ್ಚಲು ಇನ್ನೊಂದು ಬೇಡ. ತೀರ್ಪಿನ ನಕಲು ಜೊತೆಗಿರಲಿ, ಪತ್ರ ಕೊಟ್ಟದ್ದಕ್ಕೆ ಸ್ವೀಕೃತಿ ಸಹಿ ತೆಗೆದುಕೊಳ್ಳಲಿ.

ನೌಕರಿ ಉಳಿದೇ ಉಳಿಯುತ್ತದೆ ಅಂತ ನಿಮಗೆ ಮಾತು ಕೊಡಲಾರೆ. ಆದರೆ 2011ರಲ್ಲಿ ದೆಹಲಿ ಪೊಲೀಸ್‌ನ ಹೆಡ್ ಕಾನ್‌ಸ್ಟೆಬಲ್ ಅಭ್ಯರ್ಥಿ ಒಬ್ಬನ ಕೇಸು ಇದೆ. ಅವನು ಅರ್ಜಿಯಲ್ಲಿ ಕೇಸು ಬರೆದಿರಲಿಲ್ಲ. ಆಮೇಲೆ ಅಟೆಸ್ಟೇಶನ್ ಫಾರ್ಮ್‌ನಲ್ಲಿ ತಾನೇ ಬರೆದ. ಹುಡುಗು ವಯಸ್ಸಿನ ತಪ್ಪಿಗೆ ಜನ್ಮಪೂರ್ತಿ ಹಣೆಪಟ್ಟಿ ಬೇಡ ಅನ್ನುವ ಅರ್ಥದಲ್ಲಿ ಸುಪ್ರೀಂ ಕೋರ್ಟು ಅವನ ಪರ ನಿಂತಿತು. ತೆಗೆದುಹಾಕುವ ಮಾತು ಬಂದರೆ ಬಿಎಸ್‌ಎಫ್ ವಿಷಯ ಆಡಳಿತ ನ್ಯಾಯಮಂಡಳಿಗೆ ಬರುವುದಿಲ್ಲ, ಹೈಕೋರ್ಟಿಗೆ ಹೋಗಬೇಕು. ನೋಟಿಸ್ ಬಂದರೆ ಉತ್ತರ ಕೊಡುವ ಮೊದಲು ನನಗೆ ತೋರಿಸಿ.

ಶಹಾಪುರ ಕಡೆಯ ತಂದೆ: ಸೋಮವಾರ ಕಲಬುರಗಿಗೆ ಬರುತ್ತೇನೆ ವಕೀಲ್ರೇ. ಏನೇನು ತರಲಿ?

ಉತ್ತರ: ಎಫ್‌ಐಆರ್, ಚಾರ್ಜ್‌ಶೀಟ್, ತೀರ್ಪಿನ ನಕಲು ತನ್ನಿ. ಮಗ ತುಂಬಿದ ಫಾರ್ಮ್‌ನ ಫೋಟೋ ಇದ್ದರೆ ಅದೂ ಬೇಕು. ತೀರ್ಪಿನ ನಕಲು ಇಲ್ಲದಿದ್ದರೆ ಬರುವಾಗ ಕೇಸು ನಡೆದ ಕೋರ್ಟಿನಲ್ಲೇ ಅರ್ಜಿ ಕೊಟ್ಟು ಬನ್ನಿ. ಸೋಮವಾರ ಬೆಳಿಗ್ಗೆ ನನಗೆ ಕೋರ್ಟು ಇದೆ. ಸಂಜೆ ಐದರ ಮೇಲೆ ಬಂದರೆ ಕೂತು ಪತ್ರ ಬರೆಯೋಣ. ಮಗನಿಗೆ ಅದಕ್ಕೂ ಮೊದಲು ಫೋನ್ ಮಾಡಿ, ಹೆದರಬೇಡ ಅಂತ ಹೇಳಿ.